‘ಒಬ್ಬ ರಾಜ’ನೂ ‘ಆ ರಾಜ’ನೂ
(ಇಂಗ್ಲಿಷ್ ಉಪಪದದ ಚರಿತ್ರೆ)

ಇಂಗ್ಲಿಷ್ ವ್ಯಾಕರಣದಲ್ಲಿ ‘ಎ’, ‘ಆನ್’, ‘ದಿ’ ಎಂಬ ಮೂರು ಪದಗಳಿವೆ. ಉಪಪದಗಳೆಂದು ನಾವು ಅವನ್ನು ಕರೆಯುತ್ತೇವೆ. ಶಾಲೆಯ ಮಕ್ಕಳ ಬಾಯಲ್ಲಿ ಅವು ಆರ್ಟಿಕಲ್ಲುಗಳು. ಗಾತ್ರ ಸಣ್ಣದು, ಕೊಡುವ ತೊಡಕು ದೊಡ್ಡದು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳಲ್ಲಿ ಕನ್ನಡ ಮಾಧ್ಯಮದಲ್ಲಿ ಓದುವ ಹುಡುಗ ಹುಡುಗಿಯರು ‘ಬಿಟ್ಟ ಸ್ಥಳ ತುಂಬಿರಿ’ ಎಂಬ ಪ್ರಶ್ನೆಯ ಮುಂದೆ ಲೇಖನಿ ಹಿಡಿದು ತಡವರಿಸುತ್ತಾರೆ. ತಡವರಿಸಿದರೆ ಚಿಂತೆಯಿಲ್ಲ, ‘ನಮ್ಮ ಭಾಷೆಯಲ್ಲಿ ಇದಿಲ್ಲ, ಆದುದರಿಂದ ನಮಗಿದು ಬಾರದು’ ಎಂದು ನಂಬಿಬಿಡುತ್ತಾರಲ್ಲ, ಅದೇ ಚಿಂತೆಗೆ ಕಾರಣ. ಈ ನಂಬಿಕೆ ನಿಜವೇ? ಉಪಪದದ ಚರಿತ್ರೆಯನ್ನೇ ವಿಚಾರಿಸಿ ನೋಡೋಣ.

ನಮ್ಮ ಅಜ್ಜಿಯರು ಕಥೆ ಹೇಳುವ ಬಗೆಯನ್ನು ನೆನೆಯಿರಿ. ‘ಒಂದೂರಲ್ಲಿ ಒಬ್ಬ ರಾಜ ಇದ್ದ. ಆ ರಾಜನಿಗೆ ಇಬ್ಬರು ಹೆಂಡಿರು.’ ಮೊದಲ ಸಲ ರಾಜನು ಕೇಳುವವರಿಗೆ ಅಪರಿಚಿತ, ಆದುದರಿಂದ ‘ಒಬ್ಬ’. ಎರಡನೆಯ ಸಲ ಅವನು ಗೊತ್ತಾದವನು, ಆದುದರಿಂದ ‘ಆ’. ಇಂಗ್ಲಿಷಿನ ಉಪಪದ ಹುಟ್ಟಿದುದೂ ಹೀಗೆಯೇ ಎಂದರೆ ಸೋಜಿಗವಾದೀತು. 1066ರಲ್ಲಿ ನಾರ್ಮನರು ಇಂಗ್ಲೆಂಡನ್ನು ಗೆಲ್ಲುವುದಕ್ಕೆ ಮುಂಚಿನ ಇಂಗ್ಲಿಷಿನಲ್ಲಿ ಇಂದಿನಂತೆ ಕಡ್ಡಾಯವಾದ ಉಪಪದವಿರಲಿಲ್ಲ. ‘ಆ’ ಎಂಬ ಅರ್ಥದ ಒಂದು ನಿರ್ದೇಶಕ ಪದವಿತ್ತು. ಅದಕ್ಕೆ ಮೂರು ಲಿಂಗಗಳೂ ಹಲವು ವಿಭಕ್ತಿಗಳೂ ಇದ್ದುವು. ಆ ರೂಪಗಳೆಲ್ಲ ಸವೆದು ಉಳಿದ ತುಣುಕೇ ‘ದಿ’. ‘ಒಂದು’ ಎಂಬ ಅರ್ಥದ ಸಂಖ್ಯಾಪದವು ಒತ್ತಿ ಹೇಳಿದಾಗ ‘ಒನ್’ ಆಗಿ, ಹಗುರವಾಗಿ ಹೇಳಿದಾಗ ‘ಆನ್’ ಆಗಿ ಕವಲೊಡೆಯಿತು. ಮುಂದೆ ವ್ಯಂಜನ ಬಂದಲ್ಲಿ ಅದರ ನಕಾರ ಉದುರಿ ‘ಎ’ ಉಳಿಯಿತು. ಸ್ವರದ ಮುಂದೆ ನಕಾರವನ್ನು ಸೇರಿಸುತ್ತೇವೆಂದು ಮಕ್ಕಳು ಕಲಿಯುತ್ತಾರೆ. ನಿಜದಲ್ಲಿ ಅಲ್ಲಿ ಉಳಿದಿರುವುದು ಮೂಲದ ನಕಾರವೇ. ‘ಆನ್ ಅವರ್’, ‘ಎ ಯೂನಿವರ್ಸಿಟಿ’ ಎಂಬಲ್ಲಿ ಅಕ್ಷರ ನೋಡಿದರೆ ಸಾಲದು; ಇದು ಕಿವಿಯ ಲೆಕ್ಕ. ಸಂಧಿಯನ್ನು ಬಲ್ಲ ಕನ್ನಡಿಗನಿಗೆ ಇದೇನು ಹೊಸತಲ್ಲ.

ಈ ನಕಾರ ಸ್ವತಃ ಇಂಗ್ಲಿಷರನ್ನೇ ತಬ್ಬಿಬ್ಬು ಮಾಡಿದೆ. ಅಡಿಗೆಯವರು ಕಟ್ಟಿಕೊಳ್ಳುವ ‘ಏಪ್ರನ್’ ಹಿಂದೆ ‘ನೇಪ್ರನ್’ ಆಗಿತ್ತು. ‘ಎ ನೇಪ್ರನ್’ ಎಂಬುದನ್ನು ಜನ ‘ಆನ್ ಏಪ್ರನ್’ ಎಂದು ಒಡೆದರು. ನಕಾರ ಉಪಪದದ ಪಾಲಾಯಿತು. ನಮ್ಮ ‘ನಾರಂಗ’ವೂ ಪಾರಸಿ, ಅರಬ್ಬಿಗಳ ದಾರಿಯಿಂದ ಯೂರೋಪಿಗೆ ಹೋಗಿ, ಅಲ್ಲಿನ ಭಾಷೆಗಳಲ್ಲಿ ನಕಾರ ಕಳೆದುಕೊಂಡು ‘ಆರೆಂಜ್’ ಆಯಿತು. ಅಲ್ಲಿಯೂ ಹಿಂದಿನ ಉಪಪದವೇ ಆ ನಕಾರವನ್ನು ನುಂಗಿರಬೇಕೆಂದು ವಿದ್ವಾಂಸರು ಹೇಳುತ್ತಾರೆ.

ಇನ್ನು ವಿಶೇಷ ಪ್ರಯೋಗಗಳು. ಹೊನ್ನಾಳಿ ಎಂಬ ಊರಿಗೆ ‘ದಿ’ ಬೇಡ. ಅದರ ಪಕ್ಕದಲ್ಲೇ ಹರಿಯುವ ತುಂಗಭದ್ರೆಗೆ ‘ದಿ’ ಬೇಕು. ‘ದಿ ರಿವರ್’ ಎಂಬ ಮಾತು ಅಲ್ಲಿ ಅಡಗಿದೆಯೆಂದು ತಿಳಿದರೆ ಗುಟ್ಟು ಬಿಡುತ್ತದೆ. ಕನ್ನಡ ಎಂದಷ್ಟೇ ಬರೆದರೆ ಉಪಪದವಿಲ್ಲ. ‘ಕನ್ನಡ ಲ್ಯಾಂಗ್ವೇಜ್’ ಎಂದೊಡನೆ ‘ದಿ’ ಬರುತ್ತದೆ. 1817ರಲ್ಲಿ ಶ್ರೀರಾಂಪುರದಿಂದ ಹೊರಬಂದ ವಿಲಿಯಂ ಕೇರಿಯ ಕನ್ನಡ ವ್ಯಾಕರಣದ ಹೆಸರಿನಲ್ಲಿಯೂ, 1903ರ ಕಿಟ್ಟೆಲರ ವ್ಯಾಕರಣದ ಹೆಸರಿನಲ್ಲಿಯೂ ಇದನ್ನು ಕಾಣಬಹುದು. ಹಿಂದೆ ‘ದಿ ಕರ್ನಾಟಿಕ್’, ‘ದಿ ಪಂಜಾಬ್’ ಎಂದು ಬರೆಯುತ್ತಿದ್ದರು. ‘ದಿ ಡೆಕ್ಕನ್’ ಇಂದಿಗೂ ಉಂಟು. ‘ದಿ’ ಹಚ್ಚಿದಾಗ ಹೆಸರು ಒಂದು ಸೀಮೆಯನ್ನು ಸೂಚಿಸುತ್ತದೆ. ಸ್ವತಂತ್ರ ನಾಡನ್ನು ಸೂಚಿಸುವುದು ಅಪರೂಪ. 1991ರಲ್ಲಿ ಸ್ವತಂತ್ರವಾದ ಉಕ್ರೇನಿನ ಜನ ತಮ್ಮ ದೇಶದ ಹೆಸರಿನ ಹಿಂದಿದ್ದ ‘ದಿ’ಯನ್ನು ಬೇಡವೆಂದುದು ಇದಕ್ಕಾಗಿಯೇ. ಮೂರು ಅಕ್ಷರದ ಪದದಲ್ಲಿ ಒಂದು ರಾಷ್ಟ್ರದ ಮಾನ!

ದಿನಬಳಕೆಯಲ್ಲಿಯೂ ಈ ಪದ ಮಾನ ಕಾಯುತ್ತದೆ, ಕಳೆಯುತ್ತದೆ. ಒಬ್ಬನು ‘ಜೈಲಿಗೆ ಹೋದ’ ಎಂಬುದನ್ನು ಉಪಪದವಿಲ್ಲದೆ ಇಂಗ್ಲಿಷಿನಲ್ಲಿ ಬರೆದರೆ ಅವನು ಕೈದಿ; ‘ದಿ’ ಹಚ್ಚಿದರೆ ಯಾರನ್ನೋ ನೋಡಲು ಹೋದವನೂ ಆಗಬಹುದು. ಚನ್ನಗಿರಿಯ ಅಡಿಕೆ ಬೆಳೆಗಾರರ ಸಂಘವೊಂದರ ಪತ್ರದಲ್ಲಿ ‘ದಿ ಸೆಕ್ರೆಟರಿ ಅಂಡ್ ಟ್ರೆಶರರ್’ ಎಂದಿದ್ದರೆ ಎರಡು ಹುದ್ದೆ ಹೊತ್ತವರು ಒಬ್ಬರೇ. ಎರಡಕ್ಕೂ ‘ದಿ’ ಇದ್ದರೆ ಇಬ್ಬರು. ಜಗಳೂರಿನಲ್ಲಿ ‘ಲಿಟಲ್ ರೈನ್’ ಎಂದರೆ ಮಳೆ ಬಾರದಂತೆಯೇ ಲೆಕ್ಕ. ‘ಎ ಲಿಟಲ್ ರೈನ್’ ಎಂದರೆ ಒಂದಿಷ್ಟು ಮಳೆ. ನಮ್ಮ ‘ಒಂದಿಷ್ಟು’ವಿನೊಳಗೂ ‘ಒಂದು’ ಕುಳಿತಿದೆ, ನೋಡಿ! ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದ ಕಾಡಿನಲ್ಲಿ ಕೊಂಡುಕುರಿಗಳಿವೆ. ‘ಕೊಂಡುಕುರಿ ನಾಚಿಕೆಯ ಪ್ರಾಣಿ’ ಎಂದು ಇಡೀ ಜಾತಿಯನ್ನು ಕುರಿತು ಹೇಳುವಾಗ ಇಂಗ್ಲಿಷರು ಏಕವಚನಕ್ಕೆ ‘ದಿ’ ಸೇರಿಸುತ್ತಾರೆ. ನಮಗೆ ಬರಿಯ ನಾಮಪದವೇ ಸಾಕು.

ಹಾಗಾದರೆ ಕನ್ನಡದಲ್ಲಿ ಈ ಭೇದವೇ ಇಲ್ಲವೆ? ಹದಿಮೂರನೆಯ ಶತಮಾನದ ಕೇಶಿರಾಜನ ‘ಶಬ್ದಮಣಿದರ್ಪಣ’ದಲ್ಲಿ ಸಂಧಿಯಿಂದ ಅವ್ಯಯದವರೆಗೆ ಎಂಟು ಪ್ರಕರಣಗಳಿವೆ, ಉಪಪದಕ್ಕೆಂದು ಒಂಬತ್ತನೆಯದಿಲ್ಲ. ಅದು ಬೇಕಾಗಿಯೂ ಇರಲಿಲ್ಲ. ‘ರೈತ ಸಂತೆಯಲ್ಲಿ ಕೊಡಲಿ ಕೊಂಡ’ ಎಂದರೆ ಯಾವುದೋ ಒಂದು ಕೊಡಲಿ. ‘ಕೊಡಲಿಯನ್ನು ಕೊಂಡ’ ಎಂದರೆ ಮೊದಲೇ ನೋಡಿದ್ದುದು, ಮಾತಾಡಿದ್ದುದು. ಗ್ರಾಂಥಿಕ ಭಾಷೆಯಲ್ಲಿ ಎಲ್ಲೆಡೆಯೂ ‘ಅನ್ನು’ ಬರೆಯುವುದರಿಂದ ಈ ಭೇದ ಮಸುಕಾಗಿದೆ, ಆಡುಮಾತಿನಲ್ಲಿ ಸ್ಪಷ್ಟವಾಗಿದೆ. ಪದಗಳ ಸ್ಥಾನವೂ ಕೆಲಸ ಮಾಡುತ್ತದೆ. ‘ಹುಡುಗ ಮನೆಗೆ ಬಂದ’ ಎಂದರೆ ಗೊತ್ತಿದ್ದ ಹುಡುಗ. ‘ಮನೆಗೆ ಒಬ್ಬ ಹುಡುಗ ಬಂದ’ ಎಂದರೆ ಹೊಸಬ.

ಈ ಭೇದ ಎಷ್ಟು ಮುಖ್ಯವೆಂಬುದನ್ನು ನಮ್ಮ ಸೀಮೆಯ ಶಾಸನಗಳೇ ತೋರಿಸುತ್ತವೆ. ಬೆಂಗಳೂರಿನಲ್ಲಿ 1837ರಲ್ಲಿ ಹುಟ್ಟಿದ ಬಿ. ಎಲ್. ರೈಸರು ‘ಎಪಿಗ್ರಾಫಿಯ ಕರ್ನಾಟಿಕ’ ಸಂಪುಟಗಳನ್ನು ಹೊರತಂದರು. ಹೊನ್ನಾಳಿ, ಚನ್ನಗಿರಿ ತಾಲ್ಲೂಕುಗಳ ಶಾಸನಗಳು 1902ರ ಏಳನೆಯ ಸಂಪುಟದಲ್ಲಿಯೂ ಜಗಳೂರಿನವು ಹನ್ನೊಂದನೆಯದರಲ್ಲಿಯೂ ಇಂಗ್ಲಿಷ್ ಅನುವಾದದೊಡನೆ ಅಚ್ಚಾದುವು. ನ್ಯಾಮತಿ ಆಗ ಹೊನ್ನಾಳಿಗೇ ಸೇರಿತ್ತು. ಕೆರೆಯ ಕೆಳಗಣ ಗದ್ದೆಯನ್ನು ದತ್ತಿ ಬಿಟ್ಟರೆಂದು ಕಲ್ಲಿನಲ್ಲಿದ್ದರೆ, ಯಾವ ಕೆರೆಯೆಂಬುದು ಅಂದಿನ ಊರವರಿಗೆ ತಿಳಿದೇ ಇತ್ತು. ಅನುವಾದಕನಿಗೆ ಹಾಗಲ್ಲ; ‘ಎ ಟ್ಯಾಂಕ್’ ಎಂದರೆ ಎಲ್ಲಿಯದೋ ಒಂದು ಕೆರೆ, ‘ದಿ ಟ್ಯಾಂಕ್’ ಎಂದರೆ ಊರ ಕೆರೆ. ಕನ್ನಡ ಮೌನವಾಗಿ ಹೇಳಿದುದನ್ನು ಇಂಗ್ಲಿಷ್ ಬಾಯಿಬಿಟ್ಟು ಹೇಳಬೇಕು. ಅರ್ಥವನ್ನು ನಿರ್ಣಯಿಸದೆ ಒಂದು ಉಪಪದವನ್ನೂ ಇಡುವಂತಿಲ್ಲ.

ಆದುದರಿಂದ ಉಪಪದ ನಮ್ಮ ಬುದ್ಧಿಗೆ ಹೊರಗಿನ ವಸ್ತುವಲ್ಲ. ನಿಯಮಗಳ ಉದ್ದನೆಯ ಪಟ್ಟಿಯನ್ನು ಉರುಹಚ್ಚಿಸುವುದಕ್ಕೆ ಮೊದಲು ಮಕ್ಕಳಿಗೆ ಒಂದೇ ಪ್ರಶ್ನೆ ಕಲಿಸಿದರೆ ಸಾಕು: ‘ನಾನು ಹೇಳುತ್ತಿರುವುದು ಯಾವುದೆಂದು ಕೇಳುವವನಿಗೆ ಗೊತ್ತೆ?’ ಗೊತ್ತಿದ್ದರೆ ‘ದಿ’. ಗೊತ್ತಿಲ್ಲದೆ ಒಂದೇ ಆಗಿದ್ದರೆ ‘ಎ’. ಮಿಕ್ಕ ವಿಶೇಷಗಳು ಓದುತ್ತ ಓದುತ್ತ ತಾವಾಗಿ ಹತ್ತಿರ ಬರುತ್ತವೆ. ಸಂಜೆ ಮಗು ಪಾಠಕ್ಕೆ ಕುಳಿತಾಗ ಮನೆಯ ಹಿರಿಯರು, ತಮಗೆ ಇಂಗ್ಲಿಷ್ ಬಾರದಿದ್ದರೂ, ಈ ಪ್ರಶ್ನೆಯನ್ನು ಕನ್ನಡದಲ್ಲೇ ಕೇಳಬಹುದು. ಉತ್ತರವೂ ಕನ್ನಡದಲ್ಲೇ ಹೊಳೆಯುತ್ತದೆ.