ತಂದೆಯ ಕಾಲಮ್ಮಿನಲ್ಲಿ ಅಜ್ಜನ ಹೆಸರು

ನಮ್ಮ ಕೇರಿಯ ಒಂದು ಮನೆಯಲ್ಲಿ ಮೂರು ಹಳೆಯ ಕಾಗದಗಳಿವೆ. ಮೂರೂ ಬಳ್ಳಾರಿ ಸೀಮೆ ಮದರಾಸು ಪ್ರಾಂತ್ಯದಲ್ಲಿದ್ದ, ಅಂದರೆ 1953ಕ್ಕೂ ಮೊದಲಿನ ಕಾಲದವು. ಮನೆತನದ ಹೆಸರು ಇಲ್ಲಿ ಬೇಡ. ಇಂಥ ಕಾಗದ ಒಂದೇ ಮನೆಯಲ್ಲಿ ಇರುವಂಥದ್ದಲ್ಲ. ಮೊದಲನೆಯದು ಶಾಲೆಯದು. ಅದರಲ್ಲಿ ಹುಡುಗನ ತಂದೆ ಎಂದು ಒಬ್ಬ ಮುದುಕನ ಹೆಸರು ಬರೆದಿದೆ. ಎರಡನೆಯದು ಹೊಲದ್ದು. ಅದರಲ್ಲಿ ಅದೇ ಹುಡುಗ ಅದೇ ಮುದುಕನಿಗೆ ಮೊಮ್ಮಗ. ಮೂರನೆಯದನ್ನು ಮುದುಕ ಸತ್ತಮೇಲೆ ಬರೆಸಿದ್ದು. ವಾರಸುದಾರಳೆಂದು ಹೆಬ್ಬೆಟ್ಟು ಒತ್ತಿದವಳು ಅವನ ಹಿರಿ ಮಗಳು, ಆ ಹುಡುಗನ ತಾಯಿ. ಮದುವೆಯಾಗಿ ಹೋದ ಉಳಿದಿಬ್ಬರು ಹೆಣ್ಣುಮಕ್ಕಳ ಸುದ್ದಿಯೇ ಅದರಲ್ಲಿಲ್ಲ.

ಒಬ್ಬನೇ ಹುಡುಗ ಒಬ್ಬನೇ ಮನುಷ್ಯನಿಗೆ ಮಗನೂ ಮೊಮ್ಮಗನೂ ಆಗೋದು ಹೇಗೆ?

ಓದುಬಲ್ಲವರು ಕೂಡಲೇ ಮೂರು ಉತ್ತರ ಕೊಡುತ್ತಾರೆ. ಗುಮಾಸ್ತನ ಕೈತಪ್ಪು ಎನ್ನುವುದು ಒಂದು. ಒಂದೇ ಹೆಸರಿನ ಇಬ್ಬರಿದ್ದಿರಬೇಕು ಎನ್ನುವುದು ಇನ್ನೊಂದು. ಮೂರನೆಯದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಮುಸಿಮುಸಿ ನಗುತ್ತಾರೆ ಅಷ್ಟೆ. ಮೂರನೆಯ ಕಾಗದದ ಮುಂದೆ ಈ ಯಾವ ಉತ್ತರವೂ ನಿಲ್ಲುವುದಿಲ್ಲ. ಹಿರಿ ಮಗಳು ಒಬ್ಬಳೇ ಯಾಕೆ ವಾರಸುದಾರಳು ಎನ್ನುವುದನ್ನು ಅವು ವಿವರಿಸಲಾರವು. ಗಂಡುಮಕ್ಕಳಿಲ್ಲದವನ ಆಸ್ತಿಯಲ್ಲಿ ಹೆಣ್ಣುಮಕ್ಕಳ ಪೈಕಿ ಮದುವೆಯಾಗದ ಮಗಳಿಗೆ ಮೊದಲ ಹಕ್ಕು ಎಂದು ಮಿತಾಕ್ಷರ ಹೇಳುತ್ತದೆ ನಿಜ. ಆದರೆ ಆ ಶಾಸ್ತ್ರದ ಮನಸ್ಸಿನಲ್ಲಿರುವುದು ಕನ್ಯೆ. ಈಕೆಗೋ ಶಾಲೆಗೆ ಹೋಗುವ ಮಗನಿದ್ದಾನೆ.

ಮನೆಯ ಹೆಂಗಸರಿಗೆ ಇದು ಒಗಟೇ ಅಲ್ಲ. ‘ಆಕೀನ ಬಸವಿ ಬಿಟ್ಟಿದ್ರು, ಗಂಡುಮಗ ಇರ್ಲಿಲ್ಲಲ್ಲ’ ಅಂತ ಒಂದೇ ಮಾತಿನಲ್ಲಿ ಮುಗಿಸುತ್ತಾರೆ.

ಬಸವಿ ಎನ್ನುವುದು ಬಸವ ಎಂಬುದರ ಹೆಣ್ಣುರೂಪ. ದೇವರ ಹೆಸರಿನಲ್ಲಿ ಬಿಟ್ಟ ಗೂಳಿಗೆ ಹೇಗೆ ಯಾವ ಗೂಟವೂ ಇಲ್ಲವೋ, ಹಾಗೆ ಬಿಟ್ಟ ಹುಡುಗಿಗೆ ಗಂಡನಿಲ್ಲ. ಮುತ್ತು ಕಟ್ಟಿದ ಮೇಲೆ ಅವಳು ತವರು ಬಿಡುವುದಿಲ್ಲ. ಅಪ್ಪನ ಆಸ್ತಿಗೆ ಮಗನ ಹಾಗೆ ಹಕ್ಕುದಾರಳು, ಅಪ್ಪನ ಮಣ್ಣಿಗೂ ಅವಳೇ. ಅವಳ ಮಕ್ಕಳು ಅವಳ ಅಪ್ಪನ ಮನೆತನಕ್ಕೆ ಸೇರುತ್ತಾರೆ. ಪೊಲೀಸ್ ಅಧಿಕಾರಿಯಾಗಿದ್ದ ಫ್ರೆಡ್ ಫಾಸೆಟ್ 1890ರ ದಶಕದ ಆರಂಭದಲ್ಲಿ ಬೊಂಬಾಯಿಯ ಮಾನವಶಾಸ್ತ್ರ ಸಂಘದ ಪತ್ರಿಕೆಯಲ್ಲಿ ಬಸವಿಯರ ಬಗ್ಗೆ ಬರೆದ. ದೇವರಿಗೆ ಬಿಟ್ಟಿದ್ದರಿಂದ ಗಂಡಸಿನ ಹಕ್ಕು ಪಡೆದ ಹೆಂಗಸರು ಎಂದು ಆ ಲೇಖನದ ತಲೆಬರಹವೇ ಹೇಳುತ್ತದೆ. ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿಗಳ ಸಂಪುಟಗಳಲ್ಲೂ ಬಸವಿಯರ ವಿವರ ಇದೆ.

ಅಲ್ಲಿಗೆ ಮೂರೂ ಕಾಗದಗಳು ಒಂದಕ್ಕೊಂದು ಹೊಂದಿಕೊಳ್ಳುತ್ತವೆ. ಹುಡುಗ ರಕ್ತದಿಂದ ಮೊಮ್ಮಗ, ಮನೆತನದ ಲೆಕ್ಕದಲ್ಲಿ ಮಗ. ಮೂರನೆಯ ಕಾಗದದಲ್ಲಿ ಹೆಬ್ಬೆಟ್ಟು ಒತ್ತಿದ್ದು ಮಗಳ ಕೈ, ಒತ್ತಿದ್ದು ಮಾತ್ರ ಮಗನ ಜಾಗದಲ್ಲಿ ನಿಂತು.

ಇಲ್ಲಿಗೆ ನಿಲ್ಲಿಸಿದರೆ ನಮಗೆ ಹೆಮ್ಮೆ ಪಡಲು ಒಂದು ಸರಕು ಸಿಕ್ಕಂತಾಗುತ್ತದೆ. ‘ಮನುಧರ್ಮ ಹೆಣ್ಣಿಗೆ ಕೊಡದ ಹಕ್ಕನ್ನು ನಮ್ಮ ಕೇರಿ ಕೊಟ್ಟಿತ್ತು’ ಎಂದು ಬರೆಯುವುದು ಸುಲಭ. ಆದರೆ ಈ ಹಕ್ಕು ಎಂಥದು ಎಂದು ಕೇಳಬೇಕು. ತುಳುನಾಡಿನ ಅಳಿಯಸಂತಾನದಲ್ಲಿ ವಂಶ ಹೆಣ್ಣಿನ ಮೂಲಕ ನಡೆಯುತ್ತದೆ. ಬಸವಿಯ ಮನೆಯಲ್ಲಿ ಹಾಗಿಲ್ಲ. ಇಲ್ಲಿ ಗಂಡಿನ ವಂಶ ಮುರಿಯಬಾರದು ಅಂತ ಹೆಣ್ಣನ್ನೇ ಗಂಡಾಗಿ ಎಣಿಸುತ್ತಾರೆ. ಇದು ಮನುವಿಗೆ ತಿಳಿಯದ ಸಂಗತಿಯೂ ಅಲ್ಲ. ಮನುಸ್ಮೃತಿಯ ಒಂಬತ್ತನೇ ಅಧ್ಯಾಯದಲ್ಲಿ ‘ಪುತ್ರಿಕೆ’ಯ ಏರ್ಪಾಡಿದೆ: ಮಗನಿಲ್ಲದವನು ಮಗಳ ಮಗನನ್ನು ತನ್ನ ಮಗನಾಗಿ ಪಡೆಯಬಹುದು. ಆದರೆ ಆ ಪುತ್ರಿಕೆಗೆ ಗಂಡನಿರುತ್ತಾನೆ, ಅವಳ ಮಗನಿಗೆ ಹೆತ್ತ ಅಪ್ಪ ಯಾರು ಅನ್ನೋದು ಗೊತ್ತಿರುತ್ತದೆ. ಎರಡೂ ಕಡೆ ಬೇಕಾಗಿರುವುದು ಒಬ್ಬ ಗಂಡು ವಾರಸುದಾರ. ಅದಕ್ಕೆ ತನ್ನ ಮೈಯನ್ನು ಊರಿಗೆ ತೆರೆದು ಬೆಲೆ ತೆತ್ತವಳು ಬಸವಿ ಮಾತ್ರ.

ಈ ಕಾಗದಗಳ ನಿಜವಾದ ಒಗಟು ಇಲ್ಲಿಂದ ಶುರುವಾಗುತ್ತದೆ. ಮೂರೂ ಕಾಗದಗಳನ್ನು ತಿರುವಿಹಾಕಿದರೂ ಒಂದು ಹೆಸರು ಸಿಗುವುದಿಲ್ಲ: ಆ ಹುಡುಗನನ್ನು ಹುಟ್ಟಿಸಿದವನದು. ಅಜ್ಜನ ಹೆಸರು ತಂದೆಯ ಕಾಲಮ್ಮನ್ನು ತುಂಬಿದ್ದರಿಂದ ಹುಡುಗನಿಗೆ ಒಂದು ಮನೆತನ ಸಿಕ್ಕಿತು. ಅದೇ ಹೆಸರು ಇನ್ನೊಬ್ಬ ಗಂಡಸಿಗೂ ಉಪಕಾರ ಮಾಡಿತು. ಅವನ ಹೊಲದಲ್ಲಿ ಪಾಲು ಕೇಳುವವರಿಲ್ಲ, ಅವನ ವಂಶಾವಳಿಗೆ ಮಸಿ ಇಲ್ಲ. ಬಡವನೊಬ್ಬ ತನ್ನ ಮನೆ ಉಳಿಸಿಕೊಳ್ಳಲು ಹೂಡಿದ ಉಪಾಯ ಉಳ್ಳವರ ಮನೆಗೂ ಕಾವಲಾಯಿತು. ದಾಖಲೆಯ ಮೌನ ಯಾರ ಪರವಾಗಿ ಕೆಲಸ ಮಾಡುತ್ತೆ ಅನ್ನೋದನ್ನ ದಲಿತ ವಿಮರ್ಶೆ ಮೊದಲು ಕೇಳಬೇಕು. ಬರೀ ಹೆಮ್ಮೆಯಿಂದ ಓದಿದರೂ ಬರೀ ನಾಚಿಕೆಯಿಂದ ಓದಿದರೂ ಈ ಪ್ರಶ್ನೆ ತಪ್ಪಿಹೋಗುತ್ತದೆ. ನಾಚಿಕೆ ಪಡಬೇಕಾದವನ ಹೆಸರು ಕಾಗದದಲ್ಲೇ ಇಲ್ಲ. ಇರುವವರ ಮಕ್ಕಳು ಮೊಮ್ಮಕ್ಕಳು ಮಾತ್ರ ತಲೆತಗ್ಗಿಸಿಕೊಂಡು ಬಂದಿದ್ದಾರೆ.

ಇದು ಮುಗಿದ ಕಾಲದ ಮಾತೂ ಅಲ್ಲ. ದೇವದಾಸಿ ಸಮರ್ಪಣೆ ನಿಷೇಧಿಸುವ ಕಾಯಿದೆಯನ್ನು ಕರ್ನಾಟಕ 1982ರಲ್ಲಿ ಮಾಡಿತು. ಆಮೇಲೂ 1993–94 ಮತ್ತು 2007–08ರ ಎರಡು ಸರ್ಕಾರಿ ಸಮೀಕ್ಷೆಗಳು ಒಟ್ಟು 46,660 ದೇವದಾಸಿ ಹೆಣ್ಣುಮಕ್ಕಳನ್ನು ಗುರುತಿಸಿದವು. ಅವರ ಮಕ್ಕಳು ಶಾಲೆಗೆ, ಕಚೇರಿಗೆ ಹೋದಾಗಲೆಲ್ಲ ಅದೇ ಕಾಲಮ್ಮು ಎದುರಾಗುತ್ತಿತ್ತು. 2025ರಲ್ಲಿ ರಾಜ್ಯ ವಿಧಾನಮಂಡಲ ಒಪ್ಪಿದ ಹೊಸ ಮಸೂದೆ ಅರ್ಜಿಗಳಲ್ಲಿ ತಂದೆಯ ಹೆಸರನ್ನು ಕಡ್ಡಾಯ ಮಾಡಬಾರದು ಎಂದಿತು; ಹೆತ್ತ ತಂದೆ ಯಾರೆಂದು ಗುರುತಿಸಿಕೊಳ್ಳುವ ಹಕ್ಕನ್ನೂ ಮಕ್ಕಳಿಗೆ ಕೊಟ್ಟಿತು. ಈ ಎರಡೂ ಒಟ್ಟಿಗೆ ಬೇಕು. ಕಾಲಮ್ಮನ್ನು ಖಾಲಿ ಬಿಟ್ಟರೆ ಮಗುವಿನ ಮರ್ಯಾದೆ ಉಳಿಯುತ್ತದೆ. ಅಷ್ಟಕ್ಕೇ ನಿಂತರೆ ಅಂದು ತಪ್ಪಿಸಿಕೊಂಡವನು ಇಂದೂ ತಪ್ಪಿಸಿಕೊಳ್ಳುತ್ತಾನೆ. ಆ ಹೆಸರನ್ನು ಬರೆಸುವುದೋ ಬಿಡುವುದೋ ಎನ್ನುವ ತೀರ್ಮಾನ ಮಾತ್ರ ಇನ್ನು ಆ ತಾಯಿ, ಆ ಮಗುವಿನ ಕೈಯಲ್ಲಿರಬೇಕು.