ಕೆಳಗಿನ ಮೆಟ್ಟಿಲ ಮೇಲೆ ನಿಂತವರು: ಪುಣೆಯ ಮರಿ ತಂಡಗಳ ಹಳೆ ಲೆಕ್ಕ

ಪುಣೆಗೆ ಐಪಿಎಲ್ ತಂಡ ಒಂದು ಬಂತು, ಹೋಯ್ತು. ಇನ್ನೊಂದು ಬಂತು, ಅದೂ ಹೋಯ್ತು. ಪುಣೆ ವಾರಿಯರ್ಸ್ 2011ರಿಂದ 2013ರ ತನಕ ಮೂರು ವರ್ಷ ಆಡಿ ಗಂಟುಮೂಟೆ ಕಟ್ಟಿತು. ರೈಸಿಂಗ್ ಪುಣೆಯವರದ್ದು 2016 ಮತ್ತು 2017, ಬರೀ ಎರಡು ವರ್ಷದ ಸಂಸಾರ. ಎರಡನೇ ವರ್ಷ ಫೈನಲ್ಲಿಗೆ ಹೋಗಿ, ಮುಂಬೈ ಎದುರು ಒಂದೇ ಒಂದು ರನ್ನಿಂದ ಸೋತು, ಆಮೇಲೆ ಪತ್ತೆ ಇಲ್ಲ. ಆ ತಂಡಗಳ ಜೆರ್ಸಿ ಕೊಂಡವರ ಮನೆಯಲ್ಲಿ ಅವು ಈಗ ಸ್ಕೂಟರ್ ಒರೆಸೋಕೆ ಬಳಕೆಯಾಗ್ತಿರಬಹುದು.

ಹೋಗ್ಲಿ ಬಿಡಿ. ಪುಣೆಯ ಕ್ರಿಕೆಟ್ ಅಂದ್ರೆ ಅದಲ್ಲ. ಇಲ್ಲಿ ಬಹಳ ವರ್ಷ ಇದ್ದು ನಾನು ಕಲಿತದ್ದು ಏನಂದ್ರೆ, ಈ ಊರಿನ ನಿಜವಾದ ಕ್ರಿಕೆಟ್ ಹುಚ್ಚರು ನೋಡೋದು ಮೇಲಿನ ತಂಡವನ್ನಲ್ಲ, ಕೆಳಗಿನ ತಂಡಗಳನ್ನು. ಡೆಕ್ಕನ್ ಜಿಮಖಾನಾ, ಪಿ.ವೈ.ಸಿ., ಪೂನಾ ಕ್ಲಬ್ಬುಗಳ ಮೈದಾನದ ಅಂಚಿನಲ್ಲಿ, ಹದಿನಾರರೊಳಗಿನ ಹುಡುಗರ ಪಂದ್ಯಕ್ಕೂ ನಾಲ್ಕು ಜನ ಹಿರಿಯರು ಕೂತಿರ್ತಾರೆ. "ಈ ಹುಡುಗ ನೋಡಿ, ಎರಡು ವರ್ಷದಲ್ಲಿ ರಣಜಿ ಆಡ್ತಾನೆ" ಅಂತ ಒಬ್ಬರು ಅಂದ್ರೆ, "ಆಫ್ ಸ್ಟಂಪ್ ಎಲ್ಲಿದೆ ಅಂತ ಮೊದಲು ಕಲೀಲಿ" ಅಂತ ಇನ್ನೊಬ್ಬರು. ಟಿಕೆಟ್ ಇಲ್ಲ, ಸ್ಕೋರ್ ಬೋರ್ಡೂ ಒಮ್ಮೊಮ್ಮೆ ಇರಲ್ಲ. ಆದ್ರೆ ವಾದಕ್ಕೆ ಕೊರತೆ ಇಲ್ಲ.

ಅಮೆರಿಕದಲ್ಲಿರುವ ಕನ್ನಡಿಗರಿಗೆ ಇದು ಹೊಸದಲ್ಲ. ಅಲ್ಲಿ ಬೇಸ್‌ಬಾಲಿನ 30 ದೊಡ್ಡ ಕ್ಲಬ್ಬುಗಳಿವೆ. 2021ರ ಮರುಹೊಂದಾಣಿಕೆಯ ನಂತರ ಒಂದೊಂದಕ್ಕೂ ಕೆಳಗೆ ನಾಲ್ಕು ನಾಲ್ಕು ಮರಿ ತಂಡಗಳು, ಅಂದ್ರೆ ಒಟ್ಟು 120. ಹುಡುಗ ಕೆಳಗಿನ ತಂಡದಲ್ಲಿ ಶುರು ಮಾಡಿ ಒಂದೊಂದೇ ಮೆಟ್ಟಿಲು ಹತ್ತಬೇಕು. ಅಲ್ಲಿನ ಅಭಿಮಾನಿಗಳು ಆ ಹುಡುಗರ ಅಂಕಿಅಂಶವನ್ನು ನಮ್ಮ ಅಜ್ಜಂದಿರು ಪಂಚಾಂಗ ನೋಡಿದ ಹಾಗೆ ದಿನಾ ನೋಡ್ತಾರೆ. ಈ ಏಣಿಯನ್ನು ಕಟ್ಟಿದವರು ಬ್ರಾಂಚ್ ರಿಕಿ. 1920ರ ದಶಕದಲ್ಲಿ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ಕ್ಲಬ್ಬಿನಲ್ಲಿದ್ದಾಗ, ತಯಾರಾದ ಆಟಗಾರರನ್ನು ಕೊಳ್ಳೋಕೆ ದುಡ್ಡಿಲ್ಲ ಅಂತ, ಸಣ್ಣ ಊರುಗಳ ತಂಡಗಳನ್ನೇ ಕೊಂಡು ಅಲ್ಲಿ ಹುಡುಗರನ್ನು ಬೆಳೆಸೋಕೆ ಶುರು ಮಾಡಿದರು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಸಸಿ ಮಡಿ. ಮುಂದೆ ಬ್ರೂಕ್ಲಿನ್ ಡಾಜರ್ಸ್‌ಗೆ ಹೋದಾಗ ಅದೇ ಏಣಿಯ ಮೇಲೆ ಜಾಕಿ ರಾಬಿನ್ಸನ್ ಅವರನ್ನು ಹತ್ತಿಸಿದರು. 1946ರಲ್ಲಿ ಮಾಂಟ್ರಿಯಲ್‌ನ ಮರಿ ತಂಡ, 1947ರ ಏಪ್ರಿಲ್ 15ಕ್ಕೆ ದೊಡ್ಡ ತಂಡ. ಕಪ್ಪು ಜನಕ್ಕೆ ಅರವತ್ತು ವರ್ಷದ ಹತ್ತಿರ ಮುಚ್ಚಿದ್ದ ಬಾಗಿಲು ತೆರೆದದ್ದು ಹಾಗೆ.

ಈ ಕಥೆ ಓದುವಾಗೆಲ್ಲ ನನಗೆ ನೆನಪಾಗೋದು ಒಬ್ಬ ಧಾರವಾಡದವರು.

ಪಾಲವಣಕರ್ ಬಾಳೂ. ಹುಟ್ಟಿದ್ದು ನಮ್ಮ ಧಾರವಾಡದಲ್ಲಿ, 1870ರ ದಶಕದಲ್ಲಿ. ದಲಿತ ಕುಟುಂಬ, ತಂದೆಗೆ ಸೈನ್ಯದಲ್ಲಿ ಕೆಲಸ. ಬೆಳೆದದ್ದು ಪುಣೆಯಲ್ಲಿ. ಮೊದಲ ನೌಕರಿ ಪಾರ್ಸಿಗಳ ಕ್ಲಬ್ಬಿನಲ್ಲಿ ಪಿಚ್ ಗುಡಿಸಿ ರೋಲರ್ ಎಳೆಯೋದು, ತಿಂಗಳಿಗೆ ಮೂರು ರೂಪಾಯಿ. 1892ರ ಸುಮಾರಿಗೆ ಇಂಗ್ಲಿಷರ ಪೂನಾ ಕ್ಲಬ್ಬಿಗೆ ಬಂದಾಗ ನಾಲ್ಕು ರೂಪಾಯಿ ಆಯ್ತು. ಅಲ್ಲಿ ಸಾಹೇಬರ ಅಭ್ಯಾಸಕ್ಕೆ ಚೆಂಡು ಎಸೆಯೋದು ಕೆಲಸದ ಭಾಗ. ಎಡಗೈ ಸ್ಪಿನ್. ಆಗಿನ ದೊಡ್ಡ ಬ್ಯಾಟ್ಸ್‌ಮನ್ ಜೆ.ಜಿ. ಗ್ರೇಗ್ ದಿನಾ ಬೇಗ ಬಂದು ಈ ಹುಡುಗನ ಎದುರು ಅಭ್ಯಾಸ ಮಾಡ್ತಿದ್ದರು. ತನ್ನನ್ನು ಔಟ್ ಮಾಡಿದಾಗೆಲ್ಲ ಎಂಟಾಣೆ ಕೊಡ್ತಿದ್ದರು ಅನ್ನೋದು ಹಳೆಯ ಮಾತು. ಬಾಳೂ ಸಾವಿರಾರು ಚೆಂಡು ಎಸೆದರು. ಆದರೆ ಆ ಕ್ಲಬ್ಬಿನ ನೆಟ್ಸಿನಲ್ಲಿ ಅವರ ಕೈಗೆ ಬ್ಯಾಟು ಮಾತ್ರ ಯಾರೂ ಕೊಡಲಿಲ್ಲ. ಬ್ಯಾಟಿಂಗ್ ಸಾಹೇಬರದ್ದು, ಬೌಲಿಂಗ್ ಆಳಿನದ್ದು!

ಇಂಗ್ಲಿಷರನ್ನು ಸೋಲಿಸಬೇಕು ಅಂತ ಪುಣೆಯ ಹಿಂದೂಗಳಿಗೆ ಛಲ. ಊರಿನ ಅತ್ಯುತ್ತಮ ಬೌಲರ್ ಯಾರು ಅಂತ ಎಲ್ಲರಿಗೂ ಗೊತ್ತು. ಆದರೆ ಅವರನ್ನು ಸೇರಿಸಿಕೊಳ್ಳೋದಾ ಬೇಡವಾ ಅಂತ ತಂಡದಲ್ಲೇ ಎರಡು ಪಕ್ಷ. ಕೊನೆಗೆ ಗೆಲ್ಲೋ ಆಸೆ ಗೆದ್ದಿತು, ಬಾಳೂ ತಂಡಕ್ಕೆ ಬಂದರು. ಮೈದಾನದಲ್ಲಿ ಅವರು ಮುಟ್ಟಿದ ಚೆಂಡನ್ನು ಎಲ್ಲರೂ ಮುಟ್ಟಿದರು. ಚಹಾದ ಹೊತ್ತಿಗೆ ಮಾತ್ರ ಅವರಿಗೆ ಪೆವಿಲಿಯನ್ನಿನ ಹೊರಗೆ, ಬೇರೆ ಮಣ್ಣಿನ ಕುಡಿಕೆಯಲ್ಲಿ ಚಹಾ. ಅವರ ಜೊತೆ ಆಡೋಕೆ ಆಗೋದಾದ್ರೆ ಕೂತು ಉಣ್ಣೋಕೂ ಆಗಬೇಕು ಅನ್ನೋ ಮಾತನ್ನು ನ್ಯಾಯಮೂರ್ತಿ ರಾನಡೆ ಆಗಲೇ ಹೇಳಿದ್ದರು.

ಮುಂದೆ ಬಾಳೂ ಮುಂಬೈಗೆ ಹೋದರು. 1906 ಮತ್ತು 1907ರಲ್ಲಿ ಹಿಂದೂಗಳು ಯುರೋಪಿಯನ್ನರನ್ನು ಸೋಲಿಸಿದಾಗ ತಂಡದಲ್ಲಿ ಅವರಿದ್ದರು. 1911ರ ಇಂಗ್ಲೆಂಡ್ ಪ್ರವಾಸದಲ್ಲಿ ಎಲ್ಲ ಪಂದ್ಯ ಸೇರಿ 114 ವಿಕೆಟ್. ಇಷ್ಟಾದರೂ ಹಿಂದೂಗಳ ತಂಡದ ನಾಯಕತ್ವ ಅವರಿಗೆ ಸಿಗಲಿಲ್ಲ. ಅದು ಸಿಕ್ಕಿದ್ದು ತಮ್ಮ ವಿಠ್ಠಲನಿಗೆ, 1923ರಲ್ಲಿ. ರಾಮಚಂದ್ರ ಗುಹಾ ತಮ್ಮ 2002ರ ಪುಸ್ತಕದಲ್ಲಿ ಈ ಕಥೆಯನ್ನು ವಿಸ್ತಾರವಾಗಿ ಬರೆಯುವ ತನಕ ಧಾರವಾಡದ ಎಷ್ಟು ಜನಕ್ಕೆ ಇದು ಗೊತ್ತಿತ್ತು ಹೇಳಿ? ನೂರು ವರ್ಷದ ನಂತರ, ಆಗ ಧಾರವಾಡ ಜಿಲ್ಲೆಯೇ ಆಗಿದ್ದ ಗದಗಿನಲ್ಲಿ ಹುಟ್ಟಿದ ಇನ್ನೊಬ್ಬ ಎಡಗೈ ಸ್ಪಿನ್ನರ್ ಸುನೀಲ ಜೋಶಿ, 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ ಎದುರು 10 ಓವರಿನಲ್ಲಿ 6 ರನ್ನಿಗೆ 5 ವಿಕೆಟ್ ತಗೊಂಡರು. ಅದು ನಮಗೆಲ್ಲ ಬಾಯಿಪಾಠ. ಬಾಳೂ ಅವರ ಲೆಕ್ಕ ಬಾಯಿಪಾಠ ಇಲ್ಲ.

ಹಾಗಾಗಿ ಏಣಿ ಅಂದಾಗ ಎಷ್ಟು ಮೆಟ್ಟಿಲಿದೆ ಅನ್ನೋದು ನನಗೆ ಎರಡನೇ ಪ್ರಶ್ನೆ. ಮೊದಲ ಮೆಟ್ಟಿಲಿಗೆ ಕಾಲಿಡೋಕೆ ಯಾರನ್ನು ಬಿಡ್ತಾರೆ ಅನ್ನೋದು ಮೊದಲನೇ ಪ್ರಶ್ನೆ.

ಪುಣೆಯಲ್ಲಿ ಆ ಏಣಿಗೆ ಒಂದು ಆಕಾರ ಬಂದದ್ದು ಪ್ರೊಫೆಸರ್ ದೇವಧರ್ ಕಾಲದಲ್ಲಿ. ದಿನಕರ ಬಳವಂತ ದೇವಧರ್ ಎಸ್.ಪಿ. ಕಾಲೇಜಿನಲ್ಲಿ ಸಂಸ್ಕೃತ ಪಾಠ ಹೇಳ್ತಿದ್ದವರು. 1926ರಲ್ಲಿ ಇಂಗ್ಲೆಂಡಿನ ಎಂ.ಸಿ.ಸಿ. ತಂಡದ ಎದುರು 148 ಹೊಡೆದರು. ಆದರೆ ಭಾರತ ಮೊದಲ ಟೆಸ್ಟ್ ಆಡಿದ 1932ಕ್ಕೆ ಅವರಿಗೆ ನಲವತ್ತು. ವಯಸ್ಸಾಯ್ತು ಅಂತ ಬಿಟ್ಟರು. ಮೇಷ್ಟ್ರು ಸುಮ್ಮನೆ ಕೂರಲಿಲ್ಲ. ಹುಡುಗರನ್ನು ಕಟ್ಟಿಕೊಂಡು 1939-40 ಮತ್ತು 1940-41, ಸತತ ಎರಡು ವರ್ಷ ಮಹಾರಾಷ್ಟ್ರಕ್ಕೆ ರಣಜಿ ಗೆದ್ದುಕೊಟ್ಟರು. ಎರಡನೇ ವರ್ಷ ಮುಂಬೈ ಎದುರು ಸ್ವತಃ 246 ಹೊಡೆದಾಗ ವಯಸ್ಸು 48! ಆ ತಂಡದಲ್ಲಿದ್ದ ಸಾಂಗಲಿಯ ಹುಡುಗ ವಿಜಯ್ ಹಜಾರೆ, ಪುಣೆಯಲ್ಲಿ ಬರೋಡಾ ಎದುರು ಔಟಾಗದೆ 316 ಹೊಡೆದ. ರಣಜಿಯ ಮೊದಲ ತ್ರಿಶತಕ ಅದು. ಮುಂದೆ ಹಜಾರೆ ಅದೇ ಬರೋಡಾಕ್ಕೆ ಹೋದರು. ಸಂಸ್ಥಾನಗಳು ನೌಕರಿ ಕೊಟ್ಟು ಆಟಗಾರರನ್ನು ಕರೆಸಿಕೊಳ್ಳುತ್ತಿದ್ದ ಕಾಲ ಅದು. ಪುಣೆಯಲ್ಲಿ ಸಸಿ ಬೆಳೆಯೋದು, ಇನ್ನೊಬ್ಬರ ತೋಟದಲ್ಲಿ ಹಣ್ಣು ಬಿಡೋದು. ಪುಣೆಯವರೇ ಆದ ಚಂದೂ ಬೋರ್ಡೆ ಕೂಡ ರಣಜಿ ಶುರು ಮಾಡಿದ್ದು ಬರೋಡಾದಿಂದ. ಅವರು 55 ಟೆಸ್ಟ್ ಆಡಿದರು.

ಎಲ್ಲರಿಗೂ ಬೋರ್ಡೆ ಅದೃಷ್ಟ ಇರಲ್ಲ. 1948ರ ಡಿಸೆಂಬರ್ ತಿಂಗಳು, ಪುಣೆಯಲ್ಲಿ ಮಹಾರಾಷ್ಟ್ರಕ್ಕೂ ಕಾಠಿಯಾವಾಡಕ್ಕೂ ರಣಜಿ ಪಂದ್ಯ. ಕಾಠಿಯಾವಾಡ 238ಕ್ಕೆ ಆಲೌಟ್. ಕೊಲ್ಹಾಪುರದಲ್ಲಿ ಹುಟ್ಟಿದ ಭಾವುಸಾಹೇಬ ನಿಂಬಾಳ್ಕರ್ ಬ್ಯಾಟ್ ಹಿಡಿದು ಎಂಟು ಗಂಟೆಗೂ ಮೇಲೆ ಆಡಿದರು. ವಿರಾಮದ ಹೊತ್ತಿಗೆ ಅವರದ್ದು 443, ತಂಡದ್ದು 4 ವಿಕೆಟಿಗೆ 826. ಬ್ರಾಡ್ಮನ್ ಅವರ ವಿಶ್ವದಾಖಲೆ 452. ಇನ್ನು ಹತ್ತು ರನ್ ಸಾಕಿತ್ತು. ಎದುರು ತಂಡದ ನಾಯಕ, ರಾಜಕೋಟೆಯ ಠಾಕೂರ್ ಸಾಹೇಬರು, ಇನ್ನು ನಾವು ಆಡಲ್ಲ ಅಂದುಬಿಟ್ಟರು. ದಾಖಲೆ ಅಂತ ಗೊತ್ತಾದ ಮೇಲೂ ಒಪ್ಪಲಿಲ್ಲ. ಗಂಟು ಕಟ್ಟಿಕೊಂಡು ರೈಲು ಹತ್ತಿದರು. ನಿಂಬಾಳ್ಕರ್ 443ಕ್ಕೇ ನಿಂತರು. ಟೆಸ್ಟ್ ಅಂತೂ ಒಂದೂ ಆಡಲಿಲ್ಲ. 2012ರ ಡಿಸೆಂಬರಿನಲ್ಲಿ, 93 ತುಂಬೋಕೆ ಒಂದು ದಿನ ಇರುವಾಗ ತೀರಿಕೊಂಡರು.

ಇದಕ್ಕೆ ಜೋಡಿ ಕಥೆ ಒಂದಿದೆ. 2011ರ ಡಿಸೆಂಬರ್. ಹತ್ತೊಂಬತ್ತರೊಳಗಿನವರ ಕೂಚ್ ಬಿಹಾರ್ ಟ್ರೋಫಿ. ಅಸ್ಸಾಂ ಎದುರು ಮಹಾರಾಷ್ಟ್ರದ ವಿಜಯ್ ಝೋಲ್ ಎಂಬ ಜಾಲ್ನಾದ ಹುಡುಗ ಔಟಾಗದೆ 451 ಹೊಡೆದ. 443, ಆಮೇಲೆ 451, ಎರಡೂ ಮಹಾರಾಷ್ಟ್ರದವರದ್ದೇ! 2014ರ ಕಿರಿಯರ ವಿಶ್ವಕಪ್ಪಿಗೆ ಅವನೇ ಭಾರತದ ನಾಯಕ. ಆ ಹೊತ್ತಿಗೆ ಮೈದಾನದ ಅಂಚಿನ ಹಿರಿಯರೆಲ್ಲ ಅವನ ಹೆಸರನ್ನು ದೊಡ್ಡ ತಂಡದ ಪಟ್ಟಿಯಲ್ಲಿ ಬರೆದಾಗಿತ್ತು. ಭಾರತದ ದೊಡ್ಡ ತಂಡದ ಕ್ಯಾಪ್ ಅವನಿಗೆ ಸಿಗಲಿಲ್ಲ. ನಮ್ಮ ಪ್ರಖರ್ ಚತುರ್ವೇದಿ 2024ರ ಜನವರಿಯಲ್ಲಿ ಶಿವಮೊಗ್ಗದಲ್ಲಿ ಅದೇ ಟ್ರೋಫಿಯ ಫೈನಲ್ಲಿನಲ್ಲಿ ಮುಂಬೈ ಎದುರು 404 ಹೊಡೆದಾಗ ಊರಿಂದ ಫೋನಿನ ಮೇಲೆ ಫೋನು. ಖುಷಿ ನನಗೂ ಆಯ್ತು, ಆದ್ರೆ ಪುಣೆಯಲ್ಲಿ ಇದ್ದವನಿಗೆ ಆ ಅಂಕಿಯ ಹಿಂದೆಯೇ ಝೋಲ್ ನೆನಪಾಗ್ತಾನೆ. ಹುಡುಗನಿಗೆ ಒಳ್ಳೇದಾಗಲಿ.

ಅರ್ಧ ದಾರಿಯವರೂ ಇದ್ದಾರೆ. ಹೇಮಂತ ಕಾನಿಟ್ಕರ್ ವರ್ಷಗಟ್ಟಲೆ ಮಹಾರಾಷ್ಟ್ರಕ್ಕೆ ಕೀಪಿಂಗ್ ಮಾಡಿ, ರನ್ ಗುಡ್ಡೆ ಹಾಕಿದವರು. ಟೆಸ್ಟಿಗೆ ಕರೆ ಬಂದಾಗ ಮೂವತ್ತೊಂದು. ಅದು ನಮ್ಮ ಬೆಂಗಳೂರಿನ ಮೊದಲ ಟೆಸ್ಟ್, 1974ರ ನವೆಂಬರ್. ಎದುರಿಗೆ ವೆಸ್ಟ್ ಇಂಡೀಸ್, ಅಲ್ಲಿ ರಿಚರ್ಡ್ಸ್ ಮತ್ತು ಗ್ರೀನಿಜ್ ಇಬ್ಬರಿಗೂ ಅದೇ ಮೊದಲ ಟೆಸ್ಟ್. ಕಾನಿಟ್ಕರ್ 65 ಹೊಡೆದರು. ಇನ್ನೊಂದು ಟೆಸ್ಟ್ ಆಡಿದರು, ಅಷ್ಟೇ, ಮುಗೀತು. ಮಗ ಹೃಷಿಕೇಶನನ್ನು 1998ರ ಢಾಕಾದ ಆ ಒಂದು ಫೋರ್‌ಗಾಗಿ ಇಡೀ ದೇಶ ನೆನಪಿಟ್ಟಿದೆ. ಅಪ್ಪನ 65 ನೆನಪಿಟ್ಟವರು ಬೆಂಗಳೂರಿನ ಕೆಲವು ಹಳಬರು ಮಾತ್ರ.

ಕಾದವರಿಗೆ ಸಿಗೋದೂ ಉಂಟು. ಕೇದಾರ್ ಜಾಧವ್ ಪುಣೆಯ ಹುಡುಗ, 2007ರಲ್ಲಿ ರಣಜಿಗೆ ಬಂದವನು. 2012ರಲ್ಲಿ 327 ಹೊಡೆದ, ಯಾರೂ ಕರೆಯಲಿಲ್ಲ. 2013-14ರಲ್ಲಿ 1223 ರನ್, ಆ ವರ್ಷ ದೇಶದಲ್ಲೇ ಹೆಚ್ಚು. ಆ ವರ್ಷವೇ ಮಹಾರಾಷ್ಟ್ರ ಇಪ್ಪತ್ತೊಂದು ವರ್ಷಗಳ ಮೇಲೆ ರಣಜಿ ಫೈನಲ್ಲಿಗೆ ಬಂತು. ಎದುರಾಳಿ ಯಾರು ಅಂತೀರಿ? ನಮ್ಮ ಕರ್ನಾಟಕ! ಹೈದರಾಬಾದಿನಲ್ಲಿ ಆಟ. ಇಲ್ಲಿ ನನ್ನ ಆಫೀಸಿನವರು ಐದು ದಿನ ನನ್ನ ಮುಖವನ್ನೇ ನೋಡ್ತಿದ್ದರು, ಇವನು ಯಾವ ಕಡೆ ಅಂತ. ರಾಹುಲ್ 131, ಗಣೇಶ್ ಸತೀಶ್ 117, ಕರ್ನಾಟಕ 7 ವಿಕೆಟ್ಟಿನಿಂದ ಗೆದ್ದಿತು. ಮನಸ್ಸು ಪೂರ್ತಿ ಕರ್ನಾಟಕದ ಕಡೆಗೇ ಇತ್ತು, ಅದರಲ್ಲಿ ಮುಚ್ಚುಮರೆ ಏನಿಲ್ಲ. ಆದರೆ ಜಾಧವ್ ಬ್ಯಾಟ್ ಮಾಡುವಾಗ ಮಾತ್ರ, ಈ ಊರಿನ ನೀರು ಕುಡಿದ ಋಣ ನೋಡಿ, ಅವನು ಔಟಾಗಲಿ ಅಂತ ಅನ್ನೋಕೆ ಬಾಯಿ ಬರಲಿಲ್ಲ. ಆ ನವೆಂಬರಿನಲ್ಲಿ ಭಾರತಕ್ಕೆ ಮೊದಲ ಪಂದ್ಯ, ವಯಸ್ಸು 29. 2017ರ ಜನವರಿಯಲ್ಲಿ ಇದೇ ಗಹುಂಜೆಯಲ್ಲಿ ಇಂಗ್ಲೆಂಡಿನ 350 ಬೆನ್ನಟ್ಟುವಾಗ 63ಕ್ಕೆ 4 ಹೋಗಿತ್ತು. ಕೊಹ್ಲಿ ಜೊತೆ ನಿಂತು 76 ಚೆಂಡಿಗೆ 120. ಅವತ್ತು ಕುಣಿದದ್ದು ಬರೀ ಸ್ಟೇಡಿಯಂ ಅಲ್ಲ, ಹತ್ತು ವರ್ಷದಿಂದ ಅವನ ಸ್ಕೋರು ನೋಡ್ತಿದ್ದ ಪ್ರತಿಯೊಬ್ಬ ಹಿರಿಯ.

ಏಣಿ ಈಗ ಅಗಲವೂ ಆಗಿದೆ. ಋತುರಾಜ್ ಗಾಯಕವಾಡ್ ಬೆಳೆದದ್ದು ಊರ ನಡುವಿನ ಹಳೆ ಜಿಮಖಾನಾಗಳಿಂದ ದೂರ, ಪಿಂಪ್ರಿ-ಚಿಂಚವಾಡದ ಥೇರಗಾಂವಿನ ವೆಂಗ್‌ಸರ್ಕಾರ್ ಅಕಾಡೆಮಿಯಲ್ಲಿ. 2022ರಲ್ಲಿ ಅವನು ಒಂದೇ ಓವರಿನಲ್ಲಿ ಏಳು ಸಿಕ್ಸರ್ ಹೊಡೆದದ್ದು ಆ ಸಾಂಗಲಿ ಹುಡುಗನ ಹೆಸರಿನ ವಿಜಯ್ ಹಜಾರೆ ಟ್ರೋಫಿಯಲ್ಲಿ. ಅದೇ ಸಾಂಗಲಿಯ ಸ್ಮೃತಿ ಮಂಧಾನಾ ಹನ್ನೊಂದನೇ ವಯಸ್ಸಿಗೇ ಮಹಾರಾಷ್ಟ್ರದ ಹತ್ತೊಂಬತ್ತರೊಳಗಿನ ತಂಡಕ್ಕೆ ಆಯ್ಕೆಯಾದವಳು. 2013ರಲ್ಲಿ ಆ ವಯೋಮಿತಿಯ ಒಂದು ದಿನದ ಪಂದ್ಯದಲ್ಲಿ ಗುಜರಾತ್ ಎದುರು ಔಟಾಗದೆ 224 ಹೊಡೆದಳು. ದೇವಧರ್ ಮೇಷ್ಟ್ರು 1993ರ ತನಕ, 101 ವರ್ಷ ಬದುಕಿದ್ದರು. ಇನ್ನೊಂದು ಇಪ್ಪತ್ತು ವರ್ಷ ಇದ್ದಿದ್ದರೆ ಇದನ್ನೂ ನೋಡಿ ಏನಾದರೂ ಒಂದು ಸುಭಾಷಿತ ಹೇಳ್ತಿದ್ದರೇನೋ.

ಹಾಗಂತ ಎಲ್ಲ ಸರಿಹೋಯ್ತು ಅಂತಲ್ಲ. ಬಾಳೂ ಕಾಲದ ಬಾಗಿಲು ಬೇರೆ, ಇವತ್ತಿನದು ಬೇರೆ. ಇವತ್ತು ಕಿಟ್ಟಿನ ಬೆಲೆ ಇದೆ, ಅಕಾಡೆಮಿ ಫೀಸು ಇದೆ, ಬೆಳಿಗ್ಗೆ ಐದಕ್ಕೆ ಹುಡುಗನನ್ನು ಕೂರಿಸಿಕೊಂಡು ಬರೋ ಅಪ್ಪನಿಗೆ ರಜೆ ಸಿಗಬೇಕು. ಜಾತಿಯ ಹೆಸರು ಹೇಳಿ ಯಾರೂ ತಡೆಯಲ್ಲ, ಆದರೆ ಕೆಳಗಿನ ಮೆಟ್ಟಿಲಿಗೂ ಒಂದು ರೇಟು ಇದೆ. ನಾಲ್ಕು ರೂಪಾಯಿ ಸಂಬಳದ ಹುಡುಗನೊಬ್ಬ ಇವತ್ತು ರೋಲರ್ ಎಳೆಯುತ್ತಾ ಇದ್ದರೆ ಅವನನ್ನು ಯಾರು ನೋಡ್ತಾರೆ ಅನ್ನೋದೇ ನನಗೆ ಕಾಡೋ ಪ್ರಶ್ನೆ.

ಅದಕ್ಕೇ ಹೇಳೋದು, ಪುಣೆಗೆ ಬಂದಿರುವ ನಮ್ಮವರು ಒಂದು ಭಾನುವಾರ ಮಾಲ್ ಬಿಟ್ಟು ಯಾವುದಾದರೂ ಮೈದಾನದ ಕಡೆ ಹೋಗಿ. ಹುಡುಗರ ಪಂದ್ಯ ನಡೀತಿದ್ದರೆ ಒಂದು ಗಂಟೆ ಕೂತು ನೋಡಿ. ಬ್ಯಾಟ್ ಮಾಡುವವನನ್ನು ಎಲ್ಲರೂ ನೋಡ್ತಾರೆ. ನೆಟ್ಸಿನಲ್ಲಿ ಸುಮ್ಮನೆ ಚೆಂಡು ಎಸೆಯುತ್ತಾ ಇರುವವನನ್ನೂ ಸ್ವಲ್ಪ ನೋಡಿ. ನಿಮ್ಮೂರಿನಲ್ಲಿ ಹೀಗೆ ಕೆಳಗಿನ ಮೆಟ್ಟಿಲಲ್ಲೇ ನಿಂತುಹೋದ ಒಳ್ಳೆ ಆಟಗಾರರು ಯಾರಾದರೂ ಇದ್ದರೆ ನನಗೂ ತಿಳಿಸಿ, ನನ್ನ ಲೆಕ್ಕದ ಪುಸ್ತಕದಲ್ಲಿ ಇನ್ನೂ ಬೇಕಾದಷ್ಟು ಖಾಲಿ ಹಾಳೆಗಳಿವೆ.