ನೂರು ವರ್ಷದ ಹಿಂದಿನ ಎಲೆಕ್ಟ್ರಿಕ್ ಕಾರನ್ನು ತೈಲ ಕಂಪನಿಗಳು ಮುಚ್ಚಿಹಾಕಿದವೇ?

“1900ರಲ್ಲೇ ಅಮೆರಿಕದಲ್ಲಿ ಎಲೆಕ್ಟ್ರಿಕ್ ಕಾರು ಓಡುತ್ತಿತ್ತು, ತೈಲ ಕಂಪನಿಗಳು ಸೇರಿ ಅದನ್ನು ಮುಚ್ಚಿಹಾಕಿದವು” ಎಂಬ ಸಂದೇಶ ಕಪ್ಪುಬಿಳುಪು ಫೋಟೋ ಸಮೇತ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಅದರ ಮೊದಲರ್ಧ ಪೂರ್ತಿ ನಿಜ.

1900ರಲ್ಲಿ ಅಮೆರಿಕದಲ್ಲಿ ತಯಾರಾದ ಕಾರುಗಳು ಸುಮಾರು 4,200. ಅವುಗಳಲ್ಲಿ ಉಗಿಯಿಂದ ಓಡುವವು 1,681, ಬ್ಯಾಟರಿಯವು 1,575. ಪೆಟ್ರೋಲ್ ಕಾರುಗಳು ಬರೀ 936! ಆಗ ಪೆಟ್ರೋಲ್ ಕಾರನ್ನು ಸ್ಟಾರ್ಟ್ ಮಾಡಲು ಮುಂದೆ ಕಬ್ಬಿಣದ ಹ್ಯಾಂಡಲ್ ಹಾಕಿ ತಿರುಗಿಸಬೇಕಿತ್ತು. ನಮ್ಮಲ್ಲಿ ಹಳೆಯ ಲಾರಿ, ಜೀಪು ಕಂಡವರಿಗೆ ಇದು ಗೊತ್ತು. ಎಂಜಿನ್ ಹಿಮ್ಮುಖ ಒದ್ದರೆ ಕೈಮೂಳೆ ಮುರಿಯುತ್ತಿತ್ತು. ಬ್ಯಾಟರಿ ಕಾರಿಗೆ ಹೊಗೆಯಿಲ್ಲ, ಸದ್ದಿಲ್ಲ, ಹತ್ತಿ ಕೂತರೆ ಹೊರಟಿತು. ಹೆನ್ರಿ ಫೋರ್ಡ್ ಅವರ ಪತ್ನಿ ಕ್ಲಾರಾ ಓಡಿಸುತ್ತಿದ್ದದ್ದೂ ‘ಡೆಟ್ರಾಯಿಟ್ ಎಲೆಕ್ಟ್ರಿಕ್’ ಎಂಬ ಬ್ಯಾಟರಿ ಕಾರನ್ನೇ.

ಹಾಗಾದರೆ ಅದು ಸೋತದ್ದೇಕೆ?

ಮುಖ್ಯ ಕಾರಣ ಕರೆಂಟು. ನಗರ ದಾಟಿದರೆ ಚಾರ್ಜ್ ಮಾಡುವ ಜಾಗವೇ ಇರಲಿಲ್ಲ. 1930ರ ದಶಕದ ನಡುವಿನಲ್ಲೂ ಅಮೆರಿಕದ ಹತ್ತು ರೈತ ಕುಟುಂಬಗಳಲ್ಲಿ ಸುಮಾರು ಒಂದಕ್ಕೆ ಮಾತ್ರ ವಿದ್ಯುತ್ ಇತ್ತು. ಹಳ್ಳಿಗಳಿಗೆ ತಂತಿ ಎಳೆಯಲು 1936ರಲ್ಲಿ ಕಾನೂನೇ ಬರಬೇಕಾಯಿತು. ಪೆಟ್ರೋಲನ್ನಾದರೆ ಡಬ್ಬದಲ್ಲಿ ಎಲ್ಲಿಗೆ ಬೇಕಾದರೂ ಒಯ್ಯಬಹುದು. ಅದಕ್ಕೆ ಸರಿಯಾಗಿ 1901ರ ಜನವರಿ 10ರಂದು ಟೆಕ್ಸಾಸ್‌ನ ಸ್ಪಿಂಡಲ್‌ಟಾಪ್ ಬಾವಿಯಿಂದ ಎಣ್ಣೆ ಕಾರಂಜಿಯಂತೆ ಚಿಮ್ಮಿತು. ಒಂಬತ್ತು ದಿನ ಅದನ್ನು ನಿಲ್ಲಿಸಲಾಗಲಿಲ್ಲ.

ಇನ್ನು ಬೆಲೆ. 1912ರ ಹೊತ್ತಿಗೆ ಪೆಟ್ರೋಲ್ ಕಾರು ಸುಮಾರು 650 ಡಾಲರಿಗೆ ಸಿಗುತ್ತಿತ್ತು, ಎಲೆಕ್ಟ್ರಿಕ್ ಕಾರು 1,750ಕ್ಕೆ. ಅದೇ ವರ್ಷ ಕ್ಯಾಡಿಲ್ಯಾಕ್ ಕಾರಿಗೆ ಚಾರ್ಲ್ಸ್ ಕೆಟ್ಟರಿಂಗ್ ರೂಪಿಸಿದ ಸೆಲ್ಫ್ ಸ್ಟಾರ್ಟರ್ ಬಂತು, ಹ್ಯಾಂಡಲ್ ತಿರುಗಿಸುವ ಕಷ್ಟ ತಪ್ಪಿತು. ತಮಾಷೆ ನೋಡಿ, ಆ ಸ್ಟಾರ್ಟರ್ ಎಂದರೆ ಬ್ಯಾಟರಿಯಿಂದ ತಿರುಗುವ ಒಂದು ಎಲೆಕ್ಟ್ರಿಕ್ ಮೋಟರ್. 

ತೈಲ ಕಂಪನಿಗಳು ಸಾಚಾ ಎಂದು ನಾವು ಹೇಳುತ್ತಿಲ್ಲ. ರಾಕ್‌ಫೆಲ್ಲರ್ ಕಟ್ಟಿದ ಸ್ಟ್ಯಾಂಡರ್ಡ್ ಆಯಿಲ್ ಅನ್ನು ಏಕಸ್ವಾಮ್ಯದ ಕಾರಣಕ್ಕೆ ಅಲ್ಲಿನ ಸುಪ್ರೀಂ ಕೋರ್ಟ್ 1911ರಲ್ಲಿ ಒಡೆಯಿತು. ಆದರೆ ಅದು ತುಳಿದದ್ದು ಬೇರೆ ತೈಲ ವ್ಯಾಪಾರಿಗಳನ್ನು. ಆ ಮೊಕದ್ದಮೆ ಬ್ಯಾಟರಿ ಕಾರಿನದ್ದಲ್ಲ. 1996ರಲ್ಲಿ ಬಂದ ಇವಿ1 ಕಾರುಗಳನ್ನು ಜನರಲ್ ಮೋಟಾರ್ಸ್ ಹಿಂಪಡೆದು ಬಹುಪಾಲನ್ನು ಪುಡಿಮಾಡಿಸಿದ್ದು ಮತ್ತೊಂದು ಜಗಳ. ಫಾರ್ವರ್ಡ್‌ಗಳಲ್ಲಿ ಈ ಎರಡೂ ಕಾಲಗಳು ಕಲಸಿಹೋಗಿರುತ್ತವೆ.

ಅಂದಹಾಗೆ, ಡೆಟ್ರಾಯಿಟ್ ಎಲೆಕ್ಟ್ರಿಕ್ ಕಾರಿನ ಪಕ್ಕದಲ್ಲಿ ಥಾಮಸ್ ಎಡಿಸನ್ ನಿಂತಿರುವ ಫೋಟೋ ಬಂದರೆ, ಅದು ಅಸಲಿಯೇ. ಆ ಕಾರುಗಳ ತಯಾರಿಕೆಯನ್ನು ಯಾರೂ ನಿಲ್ಲಿಸಲಿಲ್ಲ, 1939ರವರೆಗೂ ನಡೆಯಿತು. ಕೊನೆಕೊನೆಗೆ ಆರ್ಡರ್ ಬಂದರೆ ಮಾತ್ರ ಮಾಡಿಕೊಡುತ್ತಿದ್ದರು.